ಮುಂದಿನ ಬಲಗಡೆಯ ಹೆಗಲು

"ಎಡಕ್ಕೆ! ಎಡಕ್ಕೆ ತಿರುಗಿಸ್ರಯ್ಯಾ, ಕಂಬಕ್ಕೆ ತಾಗ್ತದೆ!" ಎಂದು ಕ್ಲಬ್ಬಿನ ಅಧ್ಯಕ್ಷ ಗಾರ್ತ್ ಕೂಗುವಷ್ಟರಲ್ಲಿ ಕ್ಲೆಮ್‌ನ ಶವಪೆಟ್ಟಿಗೆ ಮೈದಾನದ ಗೇಟಿಗೆ ಢಿಕ್ಕಿ ಹೊಡೆದಾಗಿತ್ತು.

"ಟಿಕೆಟ್ ತೋರಿಸು ಅಂತ ತನ್ನನ್ನೇ ತಡೀತಿದಾನೆ," ಎಂದ ಕ್ಷೌರಿಕ ಸೆಲ್ವಿನ್. "ಮೂವತ್ತು ವರ್ಷ ಇದೇ ಗೇಟಲ್ಲಿ ಟಿಕೆಟ್ ನೋಡ್ತಾ ನಿಂತವನಲ್ವಾ!"

ಹಾವ್‌ಬೆಕ್ ರಗ್ಬಿ ಲೀಗ್ ಕ್ಲಬ್ಬಿನವರು ತೀರಿಕೊಂಡರೆ ಸ್ಮಶಾನಕ್ಕಿಂತ ಮೊದಲು ಮೈದಾನಕ್ಕೊಂದು ಸುತ್ತು. ದೂರದ ಗೋಲುಕಂಬದ ಬಳಿ ಹೆಗಲು ಬದಲಾಗುತ್ತದೆ. ಅಲ್ಲಿಂದಾಚೆ ಪೆಟ್ಟಿಗೆಯ ಮುಂದಿನ ಬಲಗಡೆ, ಸತ್ತವನು ಕ್ಲಬ್ಬಿಗೆ ಕರೆತಂದ ಮೊದಲ ಮನುಷ್ಯನದು. ಇವತ್ತು ಅದು ಬೇಕರಿಯ ನೆವಿಲ್‌ಗೆ.

"ಊರಲ್ಲಿ ಮೊದಲು 'ಹೂಂ' ಅಂದವನು ನೀನೇ," ಎಂದು ಗಾರ್ತ್ ಅವನ ಬೆನ್ನು ತಟ್ಟಿದ. ನೆವಿಲ್‌ಗೆ ಕೋಟಿನೊಳಗೆ ಬೆವರಿಳಿಯಿತು.

*

ಊರಿನ ಗಿರಣಿ ಮುಚ್ಚಿದ ವರ್ಷ ಮೈದಾನದ ಬೇಲಿಯ ಜಾಹೀರಾತು ಹಲಗೆಗಳೆಲ್ಲ ಖಾಲಿಯಾದವು. ಆಡುವವರು ಹದಿಮೂರು ಜನ, ನೋಡುವವರು ಹನ್ನೊಂದು. ನಿವೃತ್ತ ಬಸ್ ಚಾಲಕ ಕ್ಲೆಮ್ ಗುರುವಾರ ಗುರುವಾರ ಜಾಹೀರಾತು ಕೇಳುತ್ತ ಅಂಗಡಿಯಿಂದ ಅಂಗಡಿಗೆ ನಡೆಯತೊಡಗಿದ.

ಅವನು ಬೀದಿ ದಾಟುವುದನ್ನು ಕಂಡ ನೆವಿಲ್ ಕೌಂಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತ.

"ನೆವಿಲ್ ಇದಾನೇನಮ್ಮಾ?"

"ಇಲ್ಲ, ಹಿಟ್ಟು ತರೋಕೆ ಹೋಗಿದಾರೆ," ಎಂದಳು ನೆವಿಲ್‌ನ ಹೆಂಡತಿ.

ನೆಲದ ಹಿಟ್ಟಿನ ಧೂಳು ಮೂಗಿಗೆ ಹತ್ತಿತು. ನೆವಿಲ್ ಸೀನಿದ.

ಕ್ಲೆಮ್ ಕೌಂಟರಿನತ್ತ ನೋಡಿದ. "ಕೌಂಟರಿಗೆ ಶೀತ ಆಗಿದೆ ಕಣಮ್ಮಾ, ಬೆಚ್ಚಗಿಡು," ಎಂದು ಹೊರಟುಹೋದ.

ಮುಂದಿನ ವಾರ ಬೇಲಿಯ ಮೇಲೊಂದು ಹಲಗೆ ಬಂತು. ಹಸಿರು ಬಣ್ಣ, ಕ್ಲೆಮ್‌ನದೇ ಕೈಬರಹ: 'ನೆವಿಲ್ ಬೇಕರಿ. ಕ್ಲಬ್ಬಿನ ಜೊತೆಗಿದ್ದೇವೆ.' ಅಂಗಡಿಯಲ್ಲಿ ಇಲ್ಲದವನು ಅಂಗಳದಲ್ಲಿದ್ದ.

ಆ ಸಂಜೆಯೇ ಸೆಲ್ವಿನ್ ಬಂದ. "ನೀನೇ ಹಾಕ್ಸಿದೀಯ ಅಂದ್ಮೇಲೆ ನಾನು ಹಿಂದೆ ಬೀಳ್ತೀನಾ? ನಂದೂ ಒಂದು ಬರಿ ಅಂದೆ ಕ್ಲೆಮ್‌ಗೆ."

ಹೇಳಿಬಿಡಬೇಕೆಂದು ನೆವಿಲ್ ಬಾಯಿ ತೆರೆದ. ಹೊರಬಂದದ್ದು, "ಪೈ ಬೇಕಾ? ಬಿಸಿ ಇದೆ."

ಸೆಲ್ವಿನ್ ಬೆನ್ನಿಗೆ ಔಷಧಿ ಅಂಗಡಿಯ ಡಿಲಿಸ್, ಅವಳ ಬೆನ್ನಿಗೆ ಇಡೀ ಬೀದಿ. ಮೂರು ವರ್ಷದಲ್ಲಿ ಬೇಲಿ ತುಂಬಿತು, ಮೈದಾನವೂ ತುಂಬಿತು. ನೆವಿಲ್ ಮಾತ್ರ ಹೇಳಬೇಕಾದ್ದನ್ನು ಹೇಳಲೇ ಇಲ್ಲ.

*

ಗೋಲುಕಂಬ ಬಂತು. "ಬಾರಯ್ಯಾ, ಹೆಗಲು ಕೊಡು," ಎಂದ ಗಾರ್ತ್.

ನೆವಿಲ್ ಎರಡು ಹೆಜ್ಜೆ ಇಟ್ಟು ನಿಂತ. "ನಂಗೆ ಆಗಲ್ಲ. ಆ ಹಲಗೆ ನಾನು ಹಾಕ್ಸಿದ್ದಲ್ಲ. ಅವನು ಬಂದಾಗ ನಾನು ಕೌಂಟರ್ ಹಿಂದೆ ಬಚ್ಚಿಟ್ಕೊಂಡಿದ್ದೆ."

ಕ್ಲೆಮ್‌ನ ಹೆಂಡತಿ ಎನಿಡ್, ಎಂಬತ್ತು ದಾಟಿದವಳು, ಮೆಲ್ಲಗೆ ಹೇಳಿದಳು: "ಗೊತ್ತಪ್ಪಾ. ಮನೆಗೆ ಬಂದವನೇ ಮೇಜಿನ ಹಿಂದೆ ಕೂತು, ನಿನ್ನ ಹಾಗೇ ಸೀನಿ ತೋರಿಸಿದ್ದ. ನಕ್ಕೂ ನಕ್ಕೂ ಸಾಕಾಯ್ತು ನಂಗೆ."

ನೆವಿಲ್‌ಗೆ ಅವಳು ಬೈದಿದ್ದರೇ ವಾಸಿ ಎನಿಸಿತು.

"ಹಾಗಾದ್ರೆ ಸೆಲ್ವಿನ್, ನೀನು ಬಾ," ಎಂದ ಗಾರ್ತ್. "ನಿಜವಾಗ್ಲೂ ಮೊದಲು ಬಂದವನು ನೀನೇ ತಾನೆ?"

ಸೆಲ್ವಿನ್ ತನ್ನ ಬೂಟು ನೋಡಿಕೊಂಡ. "ಮೊದಲ್ನೇ ಸಲ ಅವನು ಬಂದಾಗ ಬಾಗಿಲಿನ ಬೋರ್ಡನ್ನ 'ಮುಚ್ಚಿದೆ' ಅಂತ ತಿರುಗಿಸಿಬಿಟ್ಟಿದ್ದೆ ಕಣೋ. ಕುರ್ಚಿಯಲ್ಲಿ ಒಬ್ಬನಿಗೆ ಅರ್ಧ ಗಡ್ಡ ಆಗಿತ್ತು."

ಗಾರ್ತ್ ಡಿಲಿಸ್ ಕಡೆ ತಿರುಗಿದ. ಅವಳು ಆಗಲೇ ಬೇರೆ ಕಡೆ ನೋಡುತ್ತಿದ್ದಳು.

"ಬೇಗ ಯಾರಾದ್ರೂ ಬನ್ರಪ್ಪಾ," ಎಂದ ಹೊತ್ತವನೊಬ್ಬ. "ನನ್ನ ಮೊಣಕಾಲು ಹೋಗ್ತಿದೆ."

ಎನಿಡ್ ಕೈಚೀಲವನ್ನು ಹುಲ್ಲಿನ ಮೇಲಿಟ್ಟಳು. ಟೋಪಿ ತೆಗೆದು ಅದರ ಮೇಲಿಟ್ಟಳು. ಹೋಗಿ ಮುಂದಿನ ಬಲಗಡೆ ಹೆಗಲು ಕೊಟ್ಟಳು. ಅವಳು ಕುಳ್ಳಿಯಾದ್ದರಿಂದ ಪೆಟ್ಟಿಗೆ ಅತ್ತ ವಾಲಿತು. ಉಳಿದವರೂ ಮೊಣಕಾಲು ಬಗ್ಗಿಸಿ ಅವಳಷ್ಟೇ ಕುಳ್ಳಗಾಗಿ ನಡೆಯತೊಡಗಿದರು.

ನೆವಿಲ್ ಕೈಚೀಲ, ಟೋಪಿ ಎರಡನ್ನೂ ಎದೆಗೊತ್ತಿಕೊಂಡು, ಎಲ್ಲರಿಗಿಂತ ಹಿಂದೆ ನಡೆದ.