ಬೆಂಚಿನ ಮೇಲೆ ಉಳಿದ ಕೆಂಪು ತಂತಿ

ಭಾವನ ಪಿಕಪ್ ಗಾಡಿ ಅಂಗಡಿ ಬಿಟ್ಟು ಕಾಲು ಗಂಟೆಯಾಗಿತ್ತು. ಬೆಂಚು ಒರೆಸುತ್ತಿದ್ದ ಮೇಸ್ತ್ರಿ ಹಾಗೇ ನಿಂತುಬಿಟ್ಟ. ಸ್ಪ್ಯಾನರುಗಳ ಪಕ್ಕ ದಪ್ಪ ಕೆಂಪು ತಂತಿಯೊಂದು ಬಿದ್ದಿತ್ತು, ನಡುವೆ ಫ್ಯೂಸಿನ ಪುಟ್ಟ ಡಬ್ಬಿ. ಅದು ಗಾಡಿಯೊಳಗಿರಬೇಕಿತ್ತು.

ವಾಹನಗಳ ವೈರಿಂಗಿನಲ್ಲಿ ಇಪ್ಪತ್ತೆರಡು ವರ್ಷ ಪಳಗಿದ ಕೈ ಅವನದು. "ನನ್ನ ಭಾಮೈದ ವೈರ್ ಎಳೆದ್ರೆ ಕಣ್ಮುಚ್ಕೊಂಡು ಹೋಗ್ಬಹುದು" ಎಂದು ಭಾವ ಕಂಡವರ ಮುಂದೆಲ್ಲ ಹೊಗಳುತ್ತಿದ್ದ. ಹಾಸಿಗೆ ಹೊಲಿಯುವ ಕಸುಬು ಭಾವನದು. ಬೆಟ್ಟದ ಮೇಲಿನ ಹಾಸ್ಟೆಲ್ಲಿಗೆ ಇವತ್ತೇ ಮೂವತ್ತು ಹತ್ತಿ ಹಾಸಿಗೆ ಮುಟ್ಟಿಸಬೇಕಿತ್ತು. ಹಳೆಯ ಹೆಡ್‌ಲೈಟು ಮಿಣುಕುಹುಳಕ್ಕಿಂತ ಕಡೆ. ದೊಡ್ಡ ಬಲ್ಬು, ಕೆಳಗೆ ಎರಡು ಹಳದಿ ಮಂಜಿನ ದೀಪ ಹಾಕಿಕೊಡೆಂದು ಮಧ್ಯಾಹ್ನವೇ ಬಂದು ಕೂತಿದ್ದ. "ಬೇಗ ಮುಗಿಸೋ ಪುಟ್ಟ, ಇಲ್ಲಾಂದ್ರೆ ಆ ಹಾಸಿಗೆ ಮೇಲೆ ನಾವೇ ಮಲಗ್ಬೇಕಾಗುತ್ತೆ" ಎಂದು ಅವನ ಜೊತೆ ಹೊರಟಿದ್ದ ಅಕ್ಕ ನಗಾಡಿದ್ದಳು. ಆ ಗಡಿಬಿಡಿಯಲ್ಲಿ ಮೇಸ್ತ್ರಿ, ದೀಪ ಹತ್ತುತ್ತದೆಯೇ ನೋಡಲು ಬ್ಯಾಟರಿಗೆ ಸಿಕ್ಕಿಸಿದ್ದ ತೆಳು ತಂತಿಯನ್ನು ಬದಲಿಸದೆಯೇ ಬಾನೆಟ್ ಮುಚ್ಚಿದ್ದ.

ಹೆಡ್‌ಲೈಟೊಂದೇ ಆದರೆ ಆ ತಂತಿ ಹೇಗೋ ತಡೆದೀತು. ಮಂಜಿನ ದೀಪವೂ ಸೇರಿದರೆ ಕಾದು ಕರಗುತ್ತದೆ. ಫ್ಯೂಸಿಲ್ಲ. ಹಿಂದೆ ಗಾಡಿ ತುಂಬ ಹತ್ತಿ. ಬೆಟ್ಟದ ದಾರಿಯ ಮೂರನೇ ತಿರುವಿನಾಚೆ ಸಂಜೆಯ ಮಂಜು ತಪ್ಪಿದ್ದಲ್ಲ.

ಭಾವನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಗಾಡಿ ಓಡಿಸುವಾಗ ಅವನು ಎತ್ತುವ ಜಾಯಮಾನದವನಲ್ಲ. ಅಕ್ಕನ ಫೋನು ಸಿಗಲೇ ಇಲ್ಲ. ಮೇಸ್ತ್ರಿ ಕೆಂಪು ತಂತಿಯನ್ನೂ ಕಟ್ಟರನ್ನೂ ಜೇಬಿಗೆ ತುರುಕಿ ಸ್ಕೂಟರ್ ಏರಿದ. ಅಂಗಡಿಗೆ ಬೀಗ ಹಾಕಲೂ ನಿಲ್ಲಲಿಲ್ಲ.

ಮೊದಲ ತಿರುವು ಕಳೆಯಿತು, ಎರಡನೆಯದೂ ಕಳೆಯಿತು. ಮೂರನೆಯದರಲ್ಲಿ ಮಂಜು ಮುಖಕ್ಕೇ ಬಡಿಯಿತು. ಸ್ವಲ್ಪ ದೂರದಲ್ಲಿ ಗಾಡಿಯ ಹಿಂದಿನ ಕೆಂಪು ದೀಪ. ಅದರ ಮುಂದೆ ಮಂಜೆಲ್ಲ ಹಳದಿಯಾಗಿತ್ತು. ಭಾವ ಸ್ವಿಚ್ ಒತ್ತಿಯಾಗಿತ್ತು!

ಹಾರ್ನ್ ಹೊಡೆದ. ಯಾರೋ ಅವಸರಗೇಡಿ ಎಂದುಕೊಂಡ ಭಾವ ಪಕ್ಕಕ್ಕೆ ಸರಿದು ದಾರಿ ಬಿಟ್ಟನೇ ಹೊರತು ನಿಲ್ಲಿಸಲಿಲ್ಲ. ಮೇಸ್ತ್ರಿ ಮುಂದೆ ನುಗ್ಗಿ ಸ್ಕೂಟರನ್ನು ಅಡ್ಡ ಹಾಕಿದ. ಬ್ರೇಕು ಕಿರುಚಿ, ಬಂಪರು ಮೊಳ ದೂರದಲ್ಲಿ ನಿಂತಿತು.

"ತಲೆ ಕೆಟ್ಟಿದೆಯೇನೋ ನಿಂಗೆ?" ಭಾವ ಕೂಗಿದ.

"ಲೈಟ್ ಆರ್ಸು! ಅಕ್ಕ, ಇಳಿ!"

ಬಾನೆಟ್ಟಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಎತ್ತಿದರೆ, ತೆಳು ತಂತಿಯ ಹೊದಿಕೆ ಮೇಣದಂತೆ ಇಳಿದು ಡೀಸೆಲ್ ಪೈಪಿಗೆ ಅಂಟಿತ್ತು. ಮೇಸ್ತ್ರಿ ಅದನ್ನು ಬ್ಯಾಟರಿಯ ಬುಡದಲ್ಲಿ ಕತ್ತರಿಸಿ ಬರಿಗೈಯಲ್ಲೇ ಕಿತ್ತ. ಅಂಗೈ ಚುರ್ರೆಂದಿತು.

ಲೈಟ್ ಆರಿಸಿದ್ದರಿಂದ ಈಗ ಗಾಡಿಯ ಮುಂದೂ ಹಿಂದೂ ಬೆಳಕಿಲ್ಲ. ಹಿಂದಿನಿಂದ ಲಾರಿಯೊಂದು ಏದುಸಿರು ಬಿಡುತ್ತ ಏರಿ ಬರುತ್ತಿತ್ತು. ಅಕ್ಕ ಫೋನಿನ ಟಾರ್ಚ್ ಹೊತ್ತಿಸಿ, ಸೆರಗು ಬೀಸುತ್ತ ರಸ್ತೆಯಲ್ಲಿ ಹಿಂದಕ್ಕೆ ಓಡಿದಳು. "ನಿಧಾನ! ನಿಧಾನ!" ಲಾರಿ ಗಾಡಿಯನ್ನು ಸವರಿಕೊಂಡಂತೆ ದಾಟಿಹೋಯಿತು.

"ಕಳಪೆ ವೈರ್ ಕೊಟ್ಟಿದ್ದಾನಲ್ವಾ ಅಂಗಡಿಯೋನು?" ಎಂದ ಭಾವ.

ಹೂಂ ಎಂದರೆ ಮುಗಿಯುತ್ತಿತ್ತು.

"ಇಲ್ಲ ಭಾವ. ವೈರ್ ಸರಿಯಾಗೇ ಇತ್ತು, ನಾನು ಹಾಕೋದು ಮರೆತೆ." ಜೇಬಿನಿಂದ ಕೆಂಪು ತಂತಿ ತೆಗೆದು ತೋರಿಸಿದ.

ಅಕ್ಕ ಸಿಡಿದಳು: "ಹತ್ತಿಗೆ ಕಿಡಿ ಬಿದ್ದಿದ್ರೆ ನಮ್ಮ ಬೂದೀನೂ ಸಿಗ್ತಿರ್ಲಿಲ್ಲ ಕಣೋ!" ಬೈಯುತ್ತಲೇ ಅವನ ಅಂಗೈಗೆ ಬಾಟಲಿಯ ನೀರು ಸುರಿದಳು.

ಅವಳು ಹಿಡಿದ ಬೆಳಕಿನಲ್ಲಿ ಮೇಸ್ತ್ರಿ ದಪ್ಪ ತಂತಿ ಕೂರಿಸಿ, ಪೈಪು ಸೋರುತ್ತಿಲ್ಲವೆಂದು ಬೆರಳಾಡಿಸಿ ನೋಡಿದ. ಹೆಡ್‌ಲೈಟು, ಮಂಜಿನ ದೀಪ ಎರಡನ್ನೂ ಹೊತ್ತಿಸಲು ಹೇಳಿ, ಎಡಗೈಯಲ್ಲಿ ತಂತಿ ಹಿಡಿದು ಹತ್ತು ನಿಮಿಷ ನಿಂತ. ತಂತಿ ತಣ್ಣಗೇ ಇತ್ತು. ಭಾವ ಕೆಳಗಿಳಿದು ಬಂದು ತಾನೂ ಮುಟ್ಟಿ ನೋಡಿದ. ಒಂದೊಂದು ಗಂಟನ್ನೂ ಜಗ್ಗಿ ನೋಡಿದ. ಭಾಮೈದನ ಕೆಲಸವನ್ನು ಅವನು ಹಾಗೆ ಪರೀಕ್ಷಿಸಿದ್ದು ಇದೇ ಮೊದಲು.

"ಹಾಸ್ಟೆಲ್ ತನಕ ಹಿಂದೇನೇ ಬಾ" ಎಂದಷ್ಟೇ ಹೇಳಿ ಸೀಟಿಗೆ ಹತ್ತಿದ.

ಮೇಸ್ತ್ರಿ ಸ್ಕೂಟರ್ ತಿರುಗಿಸಿ ಗಾಡಿಯ ಹಿಂದೆ ಹೊರಟ.