ಅತ್ತೆ ಹೊರಗೆ ಬಂದ ಸಂಜೆ

ಆ ಓಣಿಯಲ್ಲಿ ಟೈಲರಮ್ಮನ ಅತ್ತೆಯ ಬಾಯಿಗೆ ಸಿಗದವರೇ ಇರಲಿಲ್ಲ. ಸಂಜೆಯಾದರೆ ಸಾಕು, ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಪಟ್ಟಾಗಿ ಕೂತು ಹೋಗಿಬರುವವರನ್ನೆಲ್ಲ ತಡೆದು ಮಾತಾಡಿಸುತ್ತಿದ್ದರು. ಎದುರಿನ ಸೆಲೂನಿನವನಿಗೆ 'ಕತ್ತರಿ' ಎಂದು, ಪಕ್ಕದ ಮನೆಯ ನಿವೃತ್ತ ಮೇಷ್ಟರಿಗೆ 'ಗಂಟೆ' ಎಂದು ಹೆಸರಿಟ್ಟವರು ಅವರೇ. ಒಳಗೆ ಬಟ್ಟೆ ಹೊಲಿಯುತ್ತಿದ್ದ ಸೊಸೆ, "ಅತ್ತೆ, ಸ್ವಲ್ಪ ಮೆತ್ತಗೆ," ಎಂದರೆ, "ನಿನ್ನ ಮಿಷನ್ನಿನ ಸದ್ದಿಗಿಂತ ನಾನೇ ವಾಸಿ," ಎನ್ನುತ್ತಿದ್ದರು.

ಅಂಥವರ ಕತ್ತಿನ ಸರಕ್ಕೆ ಒಂದು ಸಂಜೆ ಬೈಕಿನಲ್ಲಿ ಬಂದ ಇಬ್ಬರು ಕೈ ಹಾಕಿದರು. ಸರ ಹೋಯಿತು. ಎಳೆದ ರಭಸಕ್ಕೆ ಅತ್ತೆ ಮೆಟ್ಟಿಲಿನಿಂದ ಮುಗ್ಗರಿಸಿ ಬಿದ್ದು ಮಣಿಕಟ್ಟು ಮುರಿಯಿತು. ಟೈಲರಮ್ಮ ಓಡಿ ಬರುವಷ್ಟರಲ್ಲಿ ಬೈಕು ತಿರುವು ದಾಟಿತ್ತು.

ಠಾಣೆಯಲ್ಲಿ ದೂರು ಬರೆದುಕೊಂಡ ಪೇದೆ, "ನಿಮ್ಮ ಕಡೆ ಇದು ಜಾಸ್ತಿಯಾಗಿದೆ ಅಮ್ಮ. ಇಡೀ ಊರಿನ ಸರಗಳ್ಳತನ ಒಂದು ತೂಕ, ನಿಮ್ಮ ನಾಲ್ಕು ಓಣೀದೇ ಒಂದು ತೂಕ. ಕತ್ತಲಾಗೋದರೊಳಗೆ ಬಾಗಿಲು ಹಾಕ್ಕೊಂಡುಬಿಡಿ," ಎಂದ.

ಓಣಿಯವರು ಹಾಗೇ ಮಾಡಿದರು. ಹೊತ್ತು ಮುಳುಗುವ ಮೊದಲೇ ಸೆಲೂನಿನ ಷಟರ್ ಬೀಳುತ್ತಿತ್ತು. ಕೆಲಸದಿಂದ ಬರುವ ಹೆಂಗಸರು ತಲೆ ತಗ್ಗಿಸಿ ಬಿರಬಿರನೆ ಮನೆ ಸೇರುತ್ತಿದ್ದರು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಂಚದ ಮೇಲೆ ಮಲಗಿರುತ್ತಿದ್ದರು. ಹೊರಗೆ ಬೈಕಿನ ಸದ್ದಾದರೆ ಮೈ ಕುಗ್ಗಿಸುತ್ತಿದ್ದರು. ಯಾರನ್ನೂ ಅಡ್ಡಹೆಸರಿಟ್ಟು ಕರೆಯುತ್ತಿರಲಿಲ್ಲ. ಟೈಲರಮ್ಮನಿಗೆ ಆ ಮೌನವೇ ಹೆಚ್ಚು ಹೊಟ್ಟೆ ಉರಿಸಿತು.

"ಬೇರೆ ಕಡೆ ಮನೆ ನೋಡೋಣ," ಎಂದ ಗಂಡ. ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುವವನು, ಮಾತು ಕಡಿಮೆ.

"ಓಡಿಹೋಗಬೇಕಾದವರು ನಾವಾ? ಕದ್ದವರು ಆರಾಮಾಗಿ ಓಡಾಡಿಕೊಂಡಿರಲಿ, ನಾವು ಗಂಟುಮೂಟೆ ಕಟ್ಟೋಣ, ಅಲ್ವಾ?"

ಮರುದಿನ ಬೆಳಿಗ್ಗೆ, ಅವಳು ಕೇಳಿದ್ದಕ್ಕೆ, ಅವನು ಒಂದು ಉದ್ದನೆಯ ವೈರು ಎಳೆದು ಬಾಗಿಲ ಹೊರಗೆ ದೊಡ್ಡ ಬಲ್ಬು ತೂಗುಹಾಕಿಕೊಟ್ಟ.

ಅಂದು ಸಂಜೆ ಟೈಲರಮ್ಮ ಹೊಲಿಗೆ ಮಿಷನ್ನನ್ನು ಮೆಟ್ಟಿಲ ಪಕ್ಕಕ್ಕೆ ಎಳೆದುಕೊಂಡು ಹೊಲಿಯಲು ಕೂತಳು. ಇಡೀ ಓಣಿಯಲ್ಲಿ ಅವಳೊಬ್ಬಳೇ. ಹೊಲಿಗೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹಾಕಿದಳು, ಅದೂ ಸೊಟ್ಟ. ಆದರೂ ಏಳಲಿಲ್ಲ.

ಮರುಸಂಜೆ ಸೆಲೂನಿನವನು ಷಟರ್ ಅರ್ಧ ಎಳೆದವನು ಅವಳನ್ನು ನೋಡಿ ಮತ್ತೆ ಮೇಲಕ್ಕೆ ತಳ್ಳಿದ. "ನೀವೊಬ್ಬರೇ ಕೂತಿರುವಾಗ ನಾನು ಬಾಗಿಲು ಹಾಕ್ಕೊಂಡು ಹೋದರೆ ಮನೇಲಿ ಅನ್ನ ಹಾಕ್ತಾರಾ ಅಕ್ಕ?" ಎಂದು, ಗಿರಾಕಿಗಳು ಕೂರುವ ಉದ್ದ ಬೆಂಚನ್ನು ಹೊರಗೆ ತಂದಿಟ್ಟ. ಮೇಷ್ಟರು ಕುರ್ಚಿ ತಂದರು. ಅವರ ಬೆನ್ನಿಗೇ ಮಕ್ಕಳು ಬಂದರು, ಮಕ್ಕಳನ್ನು ಕಾಯಲು ತಾಯಂದಿರು ಬಂದರು. ಒಬ್ಬೊಬ್ಬರ ಬಾಗಿಲಲ್ಲೂ ಒಂದೊಂದು ದೀಪ ಹತ್ತಿತು. ಅತ್ತೆ ಮಾತ್ರ ಹೊಸ್ತಿಲ ಒಳಗೇ ಇದ್ದರು. ಆದರೆ ಈಗ ಮುಖ ಗೋಡೆಯ ಕಡೆಗಲ್ಲ, ಬಾಗಿಲ ಕಡೆಗಿತ್ತು.

ಹೀಗಿರುವಾಗ ಒಂದು ಸಂಜೆ, ಆಸ್ಪತ್ರೆಯ ಕೆಲಸ ಮುಗಿಸಿ ಬರುತ್ತಿದ್ದ ಓಣಿಯ ನರ್ಸ್ ಹುಡುಗಿ ತಿರುವಿನಲ್ಲಿ ಕಿರುಚಿದಳು. ಅವಳ ಬ್ಯಾಗು ಕಿತ್ತುಕೊಂಡ ಬೈಕು ಓಣಿಯೊಳಗೇ ನುಗ್ಗಿತು. ಇಲ್ಲಿ ಎಂದಿನಂತೆ ಯಾರೂ ಇರುವುದಿಲ್ಲ ಎಂದುಕೊಂಡಿದ್ದರೇನೋ. ದೀಪ, ಕುರ್ಚಿ, ಜನ ಕಂಡು ಓಡಿಸುತ್ತಿದ್ದವನು ಗಲಿಬಿಲಿಗೊಂಡು ನಿಧಾನಿಸಿದ. ತಾಯಂದಿರು ಮಕ್ಕಳನ್ನು ಬರಸೆಳೆದುಕೊಂಡು ಗೋಡೆಗೆ ಒತ್ತಿ ನಿಂತರು. ಸೆಲೂನಿನವನು ಬೆಂಚಿನಿಂದ ಎದ್ದು ಅಲ್ಲೇ ನಿಂತ.

"ಏ ಕತ್ತರಿ, ಏನು ನೋಡ್ತಾ ನಿಂತಿದೀಯ? ಬೆಂಚು ಅಡ್ಡ ತಳ್ಳು!"

ಅತ್ತೆ ಹೊಸ್ತಿಲು ದಾಟಿ ಮೆಟ್ಟಿಲ ಮೇಲೆ ನಿಂತಿದ್ದರು.

ಸೆಲೂನಿನವನು ಬೆಂಚು ತಳ್ಳಿದ. ಬೈಕು ಅದಕ್ಕೆ ತಾಗಿ ವಾಲಿ ಬಿತ್ತು. ಓಡಿಸುತ್ತಿದ್ದವನು ಎದ್ದು ಪರಾರಿಯಾದ. ಹಿಂದೆ ಕೂತಿದ್ದವನ ಕಾಲು ಬೈಕಿನಡಿ ಸಿಕ್ಕಿತ್ತು. ಜನ ಮುತ್ತಿಕೊಂಡರು. ಇಷ್ಟು ದಿನ ನುಂಗಿಕೊಂಡಿದ್ದ ಸಿಟ್ಟೆಲ್ಲ ಮುಷ್ಟಿಗೆ ಇಳಿದಿತ್ತು.

"ಯಾರೂ ಕೈ ಮಾಡಬೇಡಿ," ಎಂದು ಅತ್ತೆ ಬ್ಯಾಂಡೇಜು ಸುತ್ತಿದ ಕೈ ಎತ್ತಿದರು. "ಮೂಳೆ ಮುರಿಸಿಕೊಂಡವಳು ನಾನು. ಹೊಡೆಯೋ ಹಕ್ಕು ಯಾರಿಗಾದರೂ ಇದ್ದರೆ ನನಗಿರಬೇಕು. ನಾನೇ ಬೇಡ ಅಂತಿದೀನಿ."

ಎತ್ತಿದ ಕೈಗಳು ಇಳಿದವು. ಅವನನ್ನು ಬೈಕಿನಡಿಯಿಂದ ಬಿಡಿಸಿ ಅದೇ ಬೆಂಚಿನ ಮೇಲೆ ಕೂರಿಸಿದರು. ಅತ್ತೆ ಅವನ ಎದುರಿಗೆ ಬಂದು ಬಗ್ಗಿ ಮುಖ ನೋಡಿದರು.

"ನನ್ನ ಗುರುತು ಸಿಕ್ಕಿತಾ?"

ಅವನು ಮುಖ ಆಚೆ ತಿರುಗಿಸಿದ.

"ಸರ ಎಲ್ಲಿ ಅಂತ ಕೇಳಲ್ಲ, ಅದನ್ನ ಪೊಲೀಸರು ಕೇಳ್ತಾರೆ. ನಾನು ಕೇಳೋದು ಇಷ್ಟೇ. ನಾನು ಬಿದ್ದಾಗ ಒಂದು ಸಲನಾದರೂ ಹಿಂದೆ ತಿರುಗಿ ನೋಡಿದೆಯಾ?"

ಅವನು, "ನೋಡಿದೆ," ಎಂದ, ಕೇಳಿಯೂ ಕೇಳಿಸದ ಹಾಗೆ.

"ಹಾಗಿದ್ದರೆ ನೀನು ಇನ್ನೂ ಪೂರ್ತಿ ಕೆಟ್ಟಿಲ್ಲ. ಕಾಲಿಗೆ ರಕ್ತ ಬರ್ತಾ ಇದೆ. ಯಾರಾದರೂ ಬಟ್ಟೆ ಕಟ್ಟಿ."

ಕಟ್ಟಿದವಳು ಆ ನರ್ಸ್ ಹುಡುಗಿಯೇ. ಟೈಲರಮ್ಮ ತನ್ನ ಬುಟ್ಟಿಯಿಂದ ಬಿಳಿ ಬಟ್ಟೆ ಹರಿದು ಕೊಟ್ಟಳು. ಕೊಡುವಾಗ ಅವಳ ಕಣ್ಣು ಹನಿಗೂಡಿತ್ತು. ಅತ್ತೆ ಎಂಬ ಈ ಹೆಂಗಸಿನ ಜೊತೆ ಇಷ್ಟು ವರ್ಷ ಒಂದೇ ಸೂರಿನಡಿ ಉಪ್ಪು ಖಾರಕ್ಕೆಲ್ಲ ಜಗಳವಾಡಿಕೊಂಡು ಬಂದಿದ್ದಳು. ಇವರ ಎತ್ತರ ಇಷ್ಟು ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಓಡಿಹೋದವನೂ ಆಮೇಲೆ ಸಿಕ್ಕಿಬಿದ್ದ. ಸರ ಮಾತ್ರ ಸಿಗಲಿಲ್ಲ, ಎಂದೋ ಕರಗಿಹೋಗಿತ್ತು. ಆದರೆ ಓಣಿಯ ಸಂಜೆ ಮತ್ತೆ ಓಣಿಯವರ ಕೈಗೆ ಬಂತು. ಮಳೆಗಾಲ ಕಳೆಯುವ ಹೊತ್ತಿಗೆ ಠಾಣೆಯ ಇನ್ಸ್‌ಪೆಕ್ಟರಮ್ಮ ಸುತ್ತಲಿನ ಬೀದಿಗಳವರನ್ನೆಲ್ಲ ಸೇರಿಸಿ ಸಭೆ ಕರೆದರು. "ಆ ಓಣಿಯಿಂದ ದೂರು ಬರೋದೇ ನಿಂತುಹೋಗಿದೆ. ಅವರು ಏನು ಮಾಡಿದರು ಅಂತ ಅವರ ಬಾಯಲ್ಲೇ ಕೇಳಿ," ಎಂದು ಟೈಲರಮ್ಮನನ್ನು ಕರೆದರು.

ಅವಳು ಏಳಲಿಲ್ಲ. ಪಕ್ಕದಲ್ಲಿದ್ದ ಅತ್ತೆಯ ಮೊಣಕೈ ಮೆಲ್ಲಗೆ ತಿವಿದಳು.

"ನಾನೇನು ಮಾತಾಡಲಿ, ನನಗೆ ಮಾತೇ ಬರಲ್ಲ," ಎಂದು ಅತ್ತೆ ಎದ್ದರು. ಎದ್ದವರು ಕೂರಲೇ ಇಲ್ಲ. ಯಾರ ಬೀದಿಯಲ್ಲಿ ಎಷ್ಟು ದೀಪ ಕೆಟ್ಟಿದೆ ಎಂದು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದರು. ಇನ್ಸ್‌ಪೆಕ್ಟರಮ್ಮನಿಗೂ ಒಂದು ಅಡ್ಡಹೆಸರಿಟ್ಟರು. ಸಭೆ ಬಿದ್ದು ಬಿದ್ದು ನಕ್ಕಿತು, ಆಕೆಯೂ ನಕ್ಕರು.

ಹಿಂದಿನ ಸಾಲಿನ ಹೆಂಗಸೊಬ್ಬಳು ಮುಂದಕ್ಕೆ ಬಾಗಿ ಟೈಲರಮ್ಮನ ಭುಜ ಮುಟ್ಟಿದಳು. "ಯಾರ್ರೀ ಇವರು? ಭಾರಿ ಗಟ್ಟಿಗಿತ್ತಿ."

ಟೈಲರಮ್ಮ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು.

"ನಮ್ಮತ್ತೆ," ಎಂದಳು.