ನಾಯಿ ಮೆಟ್ಟಿದ ನೆಲ

ನೀವು ಮಾಡಿದ ತಪ್ಪಿಗೆ ಮಾತು ಬಾರದ ಪ್ರಾಣಿಯಿಂದ ಸಾಕ್ಷಿ ಹಾಕಿಸಿಕೊಳ್ಳುವಾಗ ನಿಮಗೆ ನಾಚಿಕೆಯಾಗುವುದಿಲ್ಲವೇ? ನಿಮ್ಮನ್ನೇ ಕೇಳುತ್ತಿದ್ದೇನೆ. ಹಿಂದೆ ತಿರುಗಿ ಬೇರೆ ಯಾರನ್ನೋ ಹುಡುಕಬೇಡಿ. ಮನುಷ್ಯರ ಆ ನೋಟ ನನಗೆ ಹಳೆಯ ಪರಿಚಯ.

ನಾನು ಒಂದು ನಾಯಿ. ಟೆರಿಯರ್ ಜಾತಿಯ ಹೆಣ್ಣು. ಚಿತ್ರದುರ್ಗದ ಸೀಮೆಯ ಬಯಲಿನಲ್ಲಿರುವ ಒಂದು ಕುದುರೆ ಫಾರಮ್ಮಿನಲ್ಲಿ, ಹುರುಳಿಯ ಉಗ್ರಾಣದ ಮೂಲೆಯಲ್ಲಿ, ಹರಕು ಗೋಣಿಚೀಲದ ಮೇಲೆ ಹುಟ್ಟಿದೆ. ನನ್ನ ತಾಯಿಯನ್ನು ಕುದುರೆಯ ಜೀನುಗಳ ಪೆಟ್ಟಿಗೆಯಲ್ಲಿ ಕೂರಿಸಿ ದೂರದಿಂದ ತಂದಿದ್ದರಂತೆ. ತಂದೆ ಯಾರೆಂಬುದು ಯಾರಿಗೂ ತಿಳಿಯದು. ಹೀಗಾಗಿ ಕಣ್ಣು ಬಿಟ್ಟ ವಾರದಲ್ಲೇ ನಾನು ಸಂದೇಹಕ್ಕೆ ಗುರಿಯಾದೆ. ಮ್ಯಾನೇಜರ್ ನಂಜರಾಜೇ ಅರಸು ಅವರು ನನ್ನನ್ನು ಕತ್ತಿನ ತೊಗಲು ಹಿಡಿದೆತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಏನಯ್ಯಾ ಪಾಲಯ್ಯ, ಇದರ ಕಿವಿ ಬೀದಿನಾಯಿ ಕಿವಿ ಇದ್ದ ಹಾಗಿದೆಯಲ್ಲ?”

“ಕಿವಿ ಕಟ್ಕಂಡು ನಮಗೇನಾಗ್ಬೇಕು ಸ್ವಾಮಿ? ಬಿಲಕ್ಕೆ ಹೋಗೋದು ಮೂಗು. ಇರೋದು ಮೆಣಸಿನಕಾಳಿನಷ್ಟು, ಖಾರ ಆಮೇಲೆ ನೋಡುವಿರಂತೆ,” ಎಂದು ಪಾಲಯ್ಯ ನಕ್ಕ.

ನಾಯಿಗಳನ್ನು ಪಳಗಿಸುವುದು ಅವನ ಕೆಲಸ. ಅಂದಿನಿಂದ ನನ್ನ ಹೆಸರು ಮೆಣಸಿ.

ಕುದುರೆಯ ಫಾರಮ್ಮಿಗೆ ನನ್ನಂಥ ಗಿಡ್ಡ ಕಾಲಿನ ನಾಯಿ ಏತಕ್ಕೆ ಎಂದು ನೀವು ಕೇಳಬಹುದು. ಹುರುಳಿ ಇದ್ದಲ್ಲಿ ಹೆಗ್ಗಣ ಬರುತ್ತದೆ. ಹೆಗ್ಗಣ ಉಗ್ರಾಣದಲ್ಲಿ ತಿಂದು ಬಯಲಿನಲ್ಲಿ ಬಿಲ ತೋಡುತ್ತದೆ. ಓಡುವ ಕುದುರೆ ಆ ಬಿಲದಲ್ಲಿ ಕಾಲಿಟ್ಟರೆ ಮೂಳೆ ಮುರಿಯುತ್ತದೆ. ಮುರಿದ ಕಾಲಿನ ಕುದುರೆ ಸಾಮಾನ್ಯವಾಗಿ ಬದುಕುವುದಿಲ್ಲ. ಉದ್ದಕಾಲಿನ ಬೇಟೆನಾಯಿಗಳು ಮೊಲದ ಹಿಂದೆ ಓಡಿ ಹೊಗಳಿಸಿಕೊಳ್ಳುತ್ತವೆ. ನೆಲದೊಳಗೆ ನುಗ್ಗಿ, ಮೂತಿಗೆ ಕಚ್ಚಿಸಿಕೊಂಡು, ಕತ್ತಲಲ್ಲಿ ಹೆಗ್ಗಣದ ಕತ್ತು ಮುರಿಯುವ ಕೆಲಸ ನಮ್ಮದು. ನನ್ನ ಎಡಮೂತಿಯ ಮೇಲೆ ಏಳು ಗಾಯದ ಕಲೆಗಳಿವೆ. ಒಂದೂ ಹಿಂಬದಿಯಲ್ಲಿಲ್ಲ ಎಂಬುದನ್ನು ಗಮನಿಸಿ.

ಫಾರಮ್ಮಿನಲ್ಲಿ ಒಂದು ಕಟ್ಟುಪಾಡಿತ್ತು. ನಾನು ಬರಿದು ಮಾಡಿದ ಬಿಲದ ಬಾಯಲ್ಲಿ ಪಾಲಯ್ಯ ಒಂದು ಜಾಲಿಮುಳ್ಳಿನ ಕೊಂಬೆ ನೆಡುತ್ತಿದ್ದ. ಕೂಲಿಯವರು ಬಿಲವನ್ನು ತಳದವರೆಗೆ ಅಗೆದು, ಕಲ್ಲು ಮಣ್ಣು ತುಂಬಿ, ದಮ್ಮಸು ಹೊಡೆಯಬೇಕು. ಆಮೇಲೆ ನನ್ನನ್ನು ಕರೆತರುತ್ತಿದ್ದರು. ಕೆಳಗೆ ಪೊಳ್ಳಿದ್ದರೆ ನನ್ನ ಪಾದಕ್ಕೆ ತಿಳಿಯುತ್ತದೆ, ಹೆಗ್ಗಣ ಉಳಿದಿದ್ದರೆ ಮೂಗಿಗೆ. ನಾನು ಆ ನೆಲದ ಮೇಲೆ ನಡೆದುಹೋದರೆ ಮಾತ್ರ ಮುಳ್ಳು ಕೀಳಬೇಕು. ‘ನಾಯಿ ಮೆಟ್ಟಿದ ಮೇಲೆ ಕುದುರೆ ಮೆಟ್ಟಬೇಕು’ ಎಂಬುದು ಅರಸು ಅವರ ಆಜ್ಞೆ. ನಾಲ್ಕು ವರ್ಷ ಒಂದು ಕುದುರೆಯೂ ಕುಂಟಲಿಲ್ಲ. ಆ ನಾಲ್ಕು ವರ್ಷ ನಾನು ಮನುಷ್ಯರನ್ನು ನಂಬಿದ್ದೆ.

ನನಗೆ ಇನ್ನೊಂದು ಕೆಲಸವೂ ಇತ್ತು. ಚಂದ್ರಿಕೆ ಎಂಬ ಹೆಣ್ಣುಕುದುರೆ ಗಾಳಿಗೂ ಬೆದರುತ್ತಿದ್ದಳು. ಲಾಯದ ಬಾಗಿಲನ್ನು ಒದ್ದು ಒದ್ದು ಗೊರಸು ಸೀಳಿಕೊಂಡಿದ್ದಳು. ಒಂದು ದಿನ ಹೆಗ್ಗಣದ ಬೆನ್ನುಹತ್ತಿ ನಾನು ಅವಳ ಲಾಯಕ್ಕೆ ನುಗ್ಗಿದೆ. ಅವಳು ಒದೆಯಲಿಲ್ಲ. ತಲೆ ಬಗ್ಗಿಸಿ ನನ್ನ ಬೆನ್ನು ಮೂಸಿದಳು. ಅಂದಿನಿಂದ ನನ್ನ ಹಾಸಿಗೆ ಅವಳ ಮುಂಗಾಲುಗಳ ನಡುವೆ. ಅಷ್ಟು ಭಾರದ ಪ್ರಾಣಿ ನಿದ್ದೆಗಣ್ಣಿನಲ್ಲಿಯೂ ನನ್ನನ್ನು ತುಳಿಯಲಿಲ್ಲ. ಅವಳು ಮರಿ ಹಾಕಿದಾಗ ಲಾಯದೊಳಗೆ ಅವಳು ಬಿಟ್ಟುಕೊಂಡದ್ದು ನನ್ನನ್ನು ಮಾತ್ರ.

ಆ ಮರಿಗೆ ನಾಲ್ಕು ತಿಂಗಳು ತುಂಬಿದಾಗ, ತಾಯಿ ಮರಿ ಎರಡನ್ನೂ ಬಯಲಿನಲ್ಲಿ ಓಡಿಸಿ ತೋರಿಸಲು ಮಾಲೀಕರು ಅತಿಥಿಗಳನ್ನು ಕರೆತರುವರೆಂದು ಸುದ್ದಿ ಬಂತು. ಬಯಲಿನ ನಡುವೆ, ಬೇವಿನ ಮರದಿಂದ ಹತ್ತು ಮಾರು ಆಚೆ, ಒಂದು ದೊಡ್ಡ ಬಿಲ ಇತ್ತು. ಅದನ್ನು ಮುಚ್ಚಿಸುವ ಹೊಣೆ ಮೇಸ್ತ್ರಿ ರುದ್ರೇಶಿಯದು. ಅಂದು ಮುಂಜಾನೆ ಪಾಲಯ್ಯನೊಡನೆ ಹೋದೆ. ಮಣ್ಣು ನುಣ್ಣಗಿತ್ತು, ಮೇಲೆ ನೀರು ಚಿಮುಕಿಸಿದ್ದರು. ಮೂಗಿಟ್ಟೆ. ಒಳಗೆ ಕಲ್ಲಿನ ವಾಸನೆ ಇಲ್ಲ. ಲಾಯದ ಹಳೆಯ ಹುಲ್ಲಿನ ವಾಸನೆ! ಬಿಲಕ್ಕೆ ಹುಲ್ಲು ತುರುಕಿ ಮೇಲೆ ಒಂದು ಗೇಣು ಮಣ್ಣು ಎಳೆದಿದ್ದರು. ನಾನು ಕುಳಿತುಬಿಟ್ಟೆ. ಪಾಲಯ್ಯ ಕರೆದ, ಏಳಲಿಲ್ಲ. ನೆಲ ಕೆದರಿದೆ, ಬೊಗಳಿದೆ.

“ಪಾಲಯ್ಯ, ಇದು ಒಪ್ತಾ ಇಲ್ಲ ನೋಡು,” ಎಂದು ಬದಿಯಲ್ಲಿ ಹುಲ್ಲು ಕುಯ್ಯುತ್ತಿದ್ದ ಕಾಟಮ್ಮ ಕುಡುಗೋಲು ನಿಲ್ಲಿಸಿ ಹೇಳಿದಳು.

ರುದ್ರೇಶಿ ಕೂಲಿಯವರ ಕಡೆ ತಿರುಗಿ ಕಣ್ಣು ಮಿಟುಕಿಸಿದ. “ಲೇ, ಇಲ್ಲಿ ಯಾರು ಯಾರನ್ನ ಸಾಕ್ತಾ ಇರೋದು? ನಾಯಿ ಕೂತ್ರೆ ಪಾಲಯ್ಯಣ್ಣ ನಿಲ್ತಾನೆ, ನಾಯಿ ಎದ್ರೆ ಪಾಲಯ್ಯಣ್ಣ ನಡೀತಾನೆ. ಪಟ್ಟಿ ಯಾರ ಕತ್ತಿಗೆ ಕಟ್ಟೋಣಪ್ಪ?”

ಎಲ್ಲರೂ ಗೊಳ್ಳೆಂದು ನಕ್ಕರು. ಪಾಲಯ್ಯನ ಮುಖ ಕೆಂಪಾಯಿತು. ಅಷ್ಟರಲ್ಲಿ ದೂರದಿಂದ ಅರಸು ಅವರ ದನಿ: “ಏನಯ್ಯಾ ಅಲ್ಲಿ? ಕಾರು ಬಂತು! ನಾಯಿ ಮೆಟ್ಟಿತೋ ಇಲ್ಲವೋ?”

ಆಗ ಪಾಲಯ್ಯ ಮಾಡಿದ್ದನ್ನು ಬಿಡಿಸಿ ಹೇಳಲು ಈಗಲೂ ನನಗೆ ಕಷ್ಟವಾಗುತ್ತದೆ. ಬಾಗಿ ನನ್ನನ್ನು ಎರಡೂ ಕೈಗಳಿಂದ ಎತ್ತಿಕೊಂಡ. ಆ ಮಣ್ಣಿನ ನಡುವೆ ನನ್ನ ನಾಲ್ಕು ಪಾದಗಳನ್ನೂ ಊರಿಸಿದ. ಮತ್ತೆ ಎತ್ತಿ ಆಚೆ ಇಳಿಸಿದ. ನನ್ನ ಭಾರ ಎಷ್ಟು? ಒಂದು ದೊಡ್ಡ ಕುಂಬಳಕಾಯಿಯಷ್ಟು. ಮಣ್ಣು ಕುಸಿಯಲಿಲ್ಲ. ನಾಲ್ಕು ಹೆಜ್ಜೆಯ ಗುರುತು ಅಚ್ಚು ಒತ್ತಿದಂತೆ ಮೂಡಿತು.

“ಮೆಟ್ತು ಸ್ವಾಮಿ!” ಎಂದು ಅವನು ಕೂಗಿದ. ರುದ್ರೇಶಿ ಮುಳ್ಳು ಕಿತ್ತೆಸೆದ.

ನಾನು ಮರಳಿ ಓಡಿ ಅದೇ ಜಾಗವನ್ನು ಕೆದರತೊಡಗಿದೆ. ಪಾಲಯ್ಯ ನನ್ನನ್ನು ಬೇವಿನ ಬುಡಕ್ಕೆ ಕಟ್ಟಿದ. ಚಂದ್ರಿಕೆಯನ್ನು ಬಿಟ್ಟರು. ನನ್ನ ಬೊಗಳು ಅವಳಿಗೆ ಸದಾ ಅಭಯದ ಸದ್ದು. ಅದನ್ನು ಕೇಳಿ ಅವಳು ನನ್ನ ಕಡೆಗೇ, ಮರಿಯನ್ನು ಹಿಂದಿಟ್ಟುಕೊಂಡು, ನೇರವಾಗಿ ಓಡಿಬಂದಳು. ಬೊಗಳುವುದನ್ನು ನಿಲ್ಲಿಸಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ಅವಳ ಬಲಮುಂಗಾಲು ಮಣ್ಣಿನೊಳಗೆ ಇಳಿದಿತ್ತು. ಆ ಸದ್ದನ್ನು ವರ್ಣಿಸುವುದಿಲ್ಲ. ಮಧ್ಯಾಹ್ನ ವೈದ್ಯರು ಬಂದರು. ಸಂಜೆಯ ಹೊತ್ತಿಗೆ ಲಾಯದಲ್ಲಿ ಮರಿಯೊಂದೇ ಉಳಿದಿತ್ತು.

ಮರುದಿನ ಕಚೇರಿಯ ಜಗುಲಿಯಲ್ಲಿ ವಿಚಾರಣೆ ನಡೆಯಿತು. ಅಷ್ಟರೊಳಗೆ ರುದ್ರೇಶಿ ಆ ಬಿಲಕ್ಕೆ ಕಲ್ಲು ತುಂಬಿಸಿ ಮುಗಿಸಿದ್ದ. ನನ್ನನ್ನು ಕಂಬಕ್ಕೆ ಕಟ್ಟಿದ್ದರು.

“ನಾಯಿ ಮೆಟ್ಟಿತ್ತೇನಯ್ಯಾ?” ಎಂದು ಅರಸು ಅವರು ಕೇಳಿದರು.

“ಮೆಟ್ಟಿತ್ತು ಸ್ವಾಮಿ. ಹೆಜ್ಜೆ ಗುರುತು ಎಲ್ರೂ ನೋಡವ್ರೆ,” ಎಂದು ರುದ್ರೇಶಿ ಮುಂದಾದ. “ನಾನು ಕಲ್ಲೇ ತುಂಬ್ಸಿದ್ದೆ. ಆಮೇಲೆ ಇದೇ ಕೆದರಿ ಸಡಿಲ ಮಾಡ್ತು. ಜಾತಿ ಕೆಟ್ಟಿದ್ದು ಅಂತ ನೀವೇ ಅಂದಿದ್ರಿ.”

“ಬಾಯಿಗೆ ಬಂದಂಗೆ ಆಡಬ್ಯಾಡ,” ಎಂದು ಕಾಟಮ್ಮ ಎದ್ದು ನಿಂತಳು. “ಸ್ವಾಮಿ, ನಾಯಿ ನಡೀಲಿಲ್ಲ. ಎತ್ತಿ ಇಟ್ರು. ಬೇಕಾದ್ರೆ ಪಾಲಯ್ಯನ್ನ ಕೇಳಿ.”

ಎಲ್ಲರ ಕಣ್ಣು ಪಾಲಯ್ಯನ ಮೇಲೆ. ನಾನೂ ನೋಡಿದೆ. ಅವನೊಬ್ಬ ಬಾಯಿ ತೆರೆದಿದ್ದರೆ ಸಾಕಿತ್ತು. ಅವನು ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ, “ನಾಯಿ ಪಾದ ಮಣ್ಣಿನ ಮ್ಯಾಲೆ ಇತ್ತು ಸ್ವಾಮಿ,” ಎಂದ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸತ್ಯದ ಒಂದು ಚೂರನ್ನು ಮುರಿದು, ಅದರಿಂದಲೇ ಸತ್ಯವನ್ನು ಇರಿಯಬಹುದೆಂದು ನಾನು ಕಲಿತದ್ದು ಅಂದು.

ಕಾಟಮ್ಮನನ್ನು ಕೆಲಸದಿಂದ ತೆಗೆದರು. ಸುಳ್ಳು ಸಾಕ್ಷಿ ಹೇಳಿದ ನಾಯಿಯೆಂದು ನನ್ನನ್ನು ಹೆಬ್ಬಾಗಿಲಿನ ಕಾವಲುಗಾರನಿಗೆ ಒಪ್ಪಿಸಿ, ಸರಪಳಿ ಹಾಕಿಸಿದರು. ಪಾಲಯ್ಯ ಪ್ರತಿ ಸಂಜೆ ರಾಗಿಮುದ್ದೆಯ ಚೂರು ತಂದು ಮುಂದಿಟ್ಟು, ದೂರ ಕುಳಿತುಕೊಳ್ಳುತ್ತಿದ್ದ. ಅವನೆದುರು ನಾನು ಒಂದು ತುತ್ತನ್ನೂ ತಿನ್ನಲಿಲ್ಲ. ಎಂಟು ತಿಂಗಳ ಮೇಲೆ ಒಂದು ದಿನ ಅರಸು ಅವರ ಜೀಪಿಗೆ ಅವನು ಅಡ್ಡ ನಿಂತ.

“ಸ್ವಾಮಿ, ಅವತ್ತು ಎತ್ತಿ ಇಟ್ಟೋನು ನಾನು. ಮೆಣಸಿದು ತಪ್ಪಿಲ್ಲ.”

ಅರಸು ಅವರು ಜೀಪಿನ ಇಂಜಿನ್ ಕೂಡ ನಿಲ್ಲಿಸಲಿಲ್ಲ. ಆಶ್ಚರ್ಯಪಡಲಿಲ್ಲ ಎಂಬುದೇ ನನ್ನನ್ನು ನಡುಗಿಸಿತು. “ಮಾಲೀಕರಿಗೆ ಕಾಗದ ಬರೆದು ಮುಗಿದಿದೆ ಪಾಲಯ್ಯ. ನಾಯಿಗೆ ಅವಮಾನವೇ, ಮರ್ಯಾದೆಯೇ? ದಾರಿ ಬಿಡು.”

ಜೀಪು ಹೋಯಿತು. ಪಾಲಯ್ಯ ನನ್ನ ಪಕ್ಕದಲ್ಲಿ, ಸರಪಳಿಯ ಅಳತೆಯೊಳಗೆ, ಮೊದಲ ಸಲ ಕುಳಿತ. ಆ ದಿನ ತುತ್ತು ತಿಂದೆ. ಕ್ಷಮಿಸಿದೆನೆಂದು ತಿಳಿಯಬೇಡಿ, ತಡವಾಗಿಯಾದರೂ ಬಂದ ಮಾತಿಗೆ ಅಷ್ಟು ಗೌರವ ಸಲ್ಲಬೇಕು.

ಈಗ ನನಗೆ ಹನ್ನೆರಡು ವರ್ಷ. ಒಂದು ಕಣ್ಣು ಮಂಜಾಗಿದೆ. ಪಾಲಯ್ಯ ಮುದುಕನಾಗಿ ಊರು ಸೇರಿದ. ಹೊಸ ಟೆರಿಯರ್ ಮರಿಯೊಂದು ಬಂದಿದೆ. ರುದ್ರೇಶಿಯೇ ಅದರ ಯಜಮಾನ. ಚಂದ್ರಿಕೆಯ ಮಗಳು ಬೆಳೆದು ಈಗ ತಾನೂ ಮರಿ ಹಾಕಿದ್ದಾಳೆ. ನಾಳೆ ಆ ತಾಯಿ ಮರಿ ಎರಡನ್ನೂ ಬಯಲಿಗೆ ಬಿಡುವರಂತೆ. ಇಂದು ಬೆಳಿಗ್ಗೆ ಹೆಬ್ಬಾಗಿಲಿನಿಂದಲೇ ನೋಡಿದೆ: ಮುಚ್ಚಿದ ಬಿಲದ ಮುಂದೆ ಆ ನಾಯಿಮರಿ ಕುಳಿತುಬಿಟ್ಟಿತು. ರುದ್ರೇಶಿ ಸುತ್ತಲೂ ನೋಡಿದ, ಬಾಗಿದ, ಅದನ್ನು ಎತ್ತಿಕೊಂಡ. ನಾನು ಗಂಟಲು ಹರಿಯುವಂತೆ ಬೊಗಳಿದೆ. ಕಾವಲುಗಾರ, “ಮುದಿನಾಯಿಗೆ ಅರಳುಮರಳು,” ಎಂದು ನನ್ನ ಕಡೆ ಕೋಲು ಬೀಸಿದ.

ನನ್ನ ಸರಪಳಿ ಆರು ಅಡಿ. ನಿಮ್ಮ ಕಾಲಿಗೆ ಸರಪಳಿಯಿಲ್ಲ, ನಿಮಗೆ ಮಾತೂ ಇದೆ. ಹೆಬ್ಬಾಗಿಲು ದಾಟಿ ಒಳಗೆ ಹೋಗಿ. ಕಾಗದ ನೋಡಬೇಡಿ, ಹೆಜ್ಜೆಗುರುತನ್ನೂ ನಂಬಬೇಡಿ. ಆ ನಾಯಿಮರಿಯನ್ನು ರುದ್ರೇಶಿಯ ಕೈಯಿಂದ ಬಿಡಿಸಿ ಆ ಬಿಲದ ಮುಂದೆ ಇಳಿಸಿ, ಅದು ತಾನಾಗಿ ನಡೆಯುತ್ತದೆಯೋ ಇಲ್ಲವೋ ನಿಂತು ನೋಡಿ. ನಡೆಯದಿದ್ದರೆ ಗುದ್ದಲಿ ತೆಗೆದುಕೊಳ್ಳಿ. ಕುದುರೆಗಳನ್ನು ಬಿಡುವುದು ನಾಳೆ ಬೆಳಿಗ್ಗೆ ಏಳಕ್ಕೆ. ದಯವಿಟ್ಟು ಅದಕ್ಕೆ ಮೊದಲೇ ಹೋಗಿ.